ವಾಟರ್‌ಕ್ರೆಸ್ ಕಿಟ್: ಟ್ರೇಗೆ ಪೂರ್ತಿ ಅಂಕ, ಕೈಪಿಡಿಗೆ ಇಲ್ಲ

ಮನೆಯೊಳಗೇ ವಾಟರ್‌ಕ್ರೆಸ್ ಬೆಳೆಸುವ ಕಿಟ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ಈಗ ಅದರಿಂದ ಸೊಪ್ಪು ಕೊಯ್ದು ತಿನ್ನುತ್ತಿದ್ದೇವೆ. ಕೊಳ್ಳುವ ಮುಂಚೆ ಬೇರೆಯವರು ಬರೆದದ್ದನ್ನು ಓದಿದರೆ ಎಲ್ಲವೂ "ಪ್ಯಾಕಿಂಗ್ ಚೆನ್ನಾಗಿದೆ, ಬೇಗ ಬಂತು" ಅನ್ನುವಂಥವೇ. ಗಿಡ ಬಂತಾ, ಎಷ್ಟು ಸಲ ಕೊಯ್ಲು ಸಿಕ್ಕಿತು, ನೀರು ವಾಸನೆ ಬಂತಾ ಅಂತ ಯಾರೂ ಬರೆದಿರಲಿಲ್ಲ. ಅದಕ್ಕೇ ನಾನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹಾಕುತ್ತಿಲ್ಲ. ಇದೇ ತರದ ಕಿಟ್‌ಗಳು ಹಲವು ಹೆಸರಲ್ಲಿ ಸಿಗುತ್ತವೆ. ಯಾವುದನ್ನು ಕೊಂಡರೂ ಏನನ್ನು ನೋಡಿ ಕೊಳ್ಳಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಪೆಟ್ಟಿಗೆಯಲ್ಲಿ ಇರುವುದು ಇಷ್ಟು. ಅಗಲವಾದ ಒಂದು ಹೊರ ಟ್ರೇ, ಅದರೊಳಗೆ ಕೂರುವ ಜಾಲರಿ ತಳದ ಕುಂಡ, ಒತ್ತಿ ಬಿಲ್ಲೆ ಮಾಡಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಸಣ್ಣ ಪೊಟ್ಟಣ ಬೀಜ, ಇನ್ನೊಂದು ಪೊಟ್ಟಣ ಗೊಬ್ಬರದ ಕಾಳು, ಸ್ಪ್ರೇ ಬಾಟಲಿ, ಮೊಳಕೆ ಬರುವ ತನಕ ಮುಚ್ಚಿಡಲು ಒಂದು ಪಾರದರ್ಶಕ ಮುಚ್ಚಳ, ಮತ್ತೆ ಕೈಪಿಡಿ.

ಇವುಗಳಲ್ಲಿ ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸುವುದು ಹೊರ ಟ್ರೇ. ಯಾಕೆ ಅಂತ ತಿಳಿಯಬೇಕಾದರೆ ಈ ಗಿಡ ಎಲ್ಲಿಂದ ಬಂದದ್ದು ಅಂತ ಮೊದಲು ತಿಳಿಯಬೇಕು.

ವಾಟರ್‌ಕ್ರೆಸ್ ಸಾಸಿವೆ ಕುಟುಂಬದ ಸೊಪ್ಪು. ಯುರೋಪ್ ಮತ್ತು ಪಶ್ಚಿಮ ಏಷ್ಯಾದ ತೊರೆಗಳ ಅಂಚಿನಲ್ಲಿ ತಾನಾಗಿಯೇ ಬೆಳೆಯುತ್ತದೆ. ನಿಂತ ಕೆರೆಯ ನೀರಲ್ಲಲ್ಲ, ಹರಿಯುವ ನೀರಲ್ಲಿ. ದಂಟು ಟೊಳ್ಳು, ಹಾಗಾಗಿ ನೀರಿನ ಮೇಲೆ ತೇಲುತ್ತದೆ. ಪ್ರತಿ ಗಿಣ್ಣಿನಲ್ಲೂ ಬಿಳಿ ಬೇರು ಬಿಟ್ಟು ಮುಂದಕ್ಕೆ ಹಬ್ಬುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ವ್ಯಾಪಾರಕ್ಕಾಗಿ ಬೆಳೆಯಲು ಶುರು ಮಾಡಿದವನು ವಿಲಿಯಂ ಬ್ರಾಡ್‌ಬರಿ. 1808ರಲ್ಲಿ, ಕೆಂಟ್ ಪ್ರಾಂತ್ಯದ ಸ್ಪ್ರಿಂಗ್‌ಹೆಡ್‌ನಲ್ಲಿ. ಆಮೇಲೆ ಹ್ಯಾಂಪ್‌ಶೈರ್ ಕಡೆ ಈ ಬೆಳೆ ಎಷ್ಟು ಹಬ್ಬಿತು ಅಂದರೆ, ಸೊಪ್ಪು ಸಾಗಿಸುತ್ತಿದ್ದ ಅಲ್ಲಿನ ಒಂದು ರೈಲು ಮಾರ್ಗಕ್ಕೆ ಇವತ್ತಿಗೂ ವಾಟರ್‌ಕ್ರೆಸ್ ಲೈನ್ ಅಂತಲೇ ಹೆಸರು. ಆ ಜಾಗಗಳನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಅಲ್ಲಿ ಸುಣ್ಣಕಲ್ಲಿನ ನೆಲದೊಳಗಿಂದ ಒರತೆ ನೀರು ಬರುತ್ತದೆ. ಚಳಿಗಾಲವಿರಲಿ, ಬೇಸಿಗೆಯಿರಲಿ, ಅದು ಸುಮಾರು 10–11 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರುತ್ತದೆ. ಒಂದೇ ಸಮ ಹರಿಯುತ್ತಲೇ ಇರುತ್ತದೆ.

ಆ ಒರತೆಯನ್ನು ಯಾವ ಕಿಟ್ ಕೂಡ ಮನೆಗೆ ತಂದುಕೊಡುವುದಿಲ್ಲ. ಮನೆಯಲ್ಲಿ ನಾವು ಮಾಡಬಹುದಾದದ್ದು ಒಂದೇ. ನೀರು ಹಳಸುವ ಮುಂಚೆ ಅದನ್ನು ತೆಗೆದು ಹೊಸದು ಹಾಕುವುದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 10 ಡಿಗ್ರಿಯಲ್ಲಿ ಒಂದು ಲೀಟರ್ ನೀರು 11 ಮಿಲಿಗ್ರಾಂಗಿಂತ ಸ್ವಲ್ಪ ಜಾಸ್ತಿ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಬಂದರೆ ಅದು ಏಳೂವರೆಗೆ ಇಳಿಯುತ್ತದೆ. ಇದರ ಮೇಲೆ ಉದುರಿದ ಎಲೆ ಕೊಳೆತರೆ ಇರುವ ಆಮ್ಲಜನಕವೂ ಖಾಲಿ. ಆಗ ಬೇರು ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗುತ್ತದೆ. ಇನ್ನೊಂದು ವಿಷಯ ಸೊಳ್ಳೆ. ಬೆಚ್ಚಗಿನ ನೀರಲ್ಲೂ ಮೊಟ್ಟೆಯಿಂದ ಸೊಳ್ಳೆ ಆಗಿ ಹಾರಲು ಒಂದು ವಾರದಷ್ಟು ಸಮಯ ಬೇಕು. ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿದರೆ ಅದಕ್ಕೆ ಅವಕಾಶವೇ ಸಿಗುವುದಿಲ್ಲ.

ಹಾಗಾಗಿ ನಾನು ವಾಟರ್‌ಕ್ರೆಸ್ ಕಿಟ್ ಅಂದರೆ ಮೊದಲು ನೋಡುವುದು, ಅದರಲ್ಲಿ ನೀರು ಬದಲಿಸುವುದು ಎಷ್ಟು ಸುಲಭ ಅಂತ. ಕಷ್ಟವಾದರೆ ನಾವು ಮಾಡುವುದಿಲ್ಲ, ಅಷ್ಟೇ. ಇವತ್ತು ಬೇಡ, ನಾಳೆ ಮಾಡೋಣ ಅನ್ನುತ್ತೇವೆ.

ಈ ಟ್ರೇಯ ಒಂದು ಮೂಲೆಯಲ್ಲಿ, ತಳಕ್ಕೆ ಸರಿಯಾಗಿ, ಬೆರಳು ದಪ್ಪದ ಒಂದು ಮೂತಿ ಇದೆ. ಅದಕ್ಕೆ ರಬ್ಬರ್ ಬಿರಡೆ. ಟ್ರೇಯ ತಳ ಸಮತಟ್ಟಾಗಿಲ್ಲ, ಆ ಮೂಲೆಯ ಕಡೆಗೆ ತುಸು ಇಳಿಜಾರು. ಬಿರಡೆ ಎಳೆದರೆ ಸಾಕು, ನೀರೆಲ್ಲ ಕೆಳಗಿಟ್ಟ ಪಾತ್ರೆಗೆ ಇಳಿಯುತ್ತದೆ. ಕುಂಡ ಎತ್ತಬೇಕಾಗಿಲ್ಲ, ಗಿಡ ಅಲ್ಲಾಡುವುದಿಲ್ಲ. ಬಿರಡೆ ಹಾಕಿ ಎದುರು ಮೂಲೆಯಿಂದ ಹೊಸ ನೀರು ಸುರಿಯುವುದು. ಒಳಗೋಡೆಯ ಮೇಲೆ ಎರಡು ಗೀಟು ಇವೆ. ಕೆಳಗಿನದು ಮೊಳಕೆ ಹಂತಕ್ಕೆ, ಮೇಲಿನದು ಬೆಳೆದ ಗಿಡಕ್ಕೆ. ಮೇಲಿನ ಗೀಟಿನವರೆಗೆ ತುಂಬಿದರೆ ಕುಂಡದ ಕೆಳಭಾಗ ಮೂರು ಸೆಂಟಿಮೀಟರ್‌ನಷ್ಟು ನೀರಲ್ಲಿ ಮುಳುಗಿರುತ್ತದೆ. ಬೇರಿಗೆ ನೀರು ಸದಾ ಸಿಗುತ್ತದೆ, ಎಲೆ ಮೇಲೆಯೇ ಇರುತ್ತದೆ. ಇದನ್ನು ಮಾಡಿದವರು ಗಿಡ ಬೆಳೆಸಿ ಗೊತ್ತಿದ್ದವರು ಅಂತ ಆ ಇಳಿಜಾರು ನೋಡಿದಾಗಲೇ ಅನಿಸಿತು. ಚೆಲ್ಲಿದ ನೀರನ್ನು ಬೇರೆ ಕುಂಡಗಳಿಗೆ ಹಾಕುತ್ತೇನೆ, ಅವಕ್ಕೂ ಒಳ್ಳೆಯದೇ.

ಟ್ರೇಯಲ್ಲಿ ಒಂದು ದೋಷ ಇದೆ, ಸಣ್ಣದೇನಲ್ಲ. ಅದು ಅರೆಪಾರದರ್ಶಕ ಪ್ಲಾಸ್ಟಿಕ್. ಬೇರು ಕಾಣಲಿ, ಚೆನ್ನಾಗಿ ಕಾಣಲಿ ಅಂತ ಹಾಗೆ ಮಾಡಿರಬೇಕು. ಆದರೆ ಬೆಳಕು ನೀರಿಗೆ ಬಿದ್ದರೆ ಪಾಚಿ ಬಂದೇ ಬರುತ್ತದೆ. ಮೊದಲು ಗೀಟಿನ ಹತ್ತಿರ ತೆಳ್ಳಗೆ ಹಸಿರು ಕಾಣುತ್ತದೆ. ಆಮೇಲೆ ಜಾಲರಿಯ ಕಣ್ಣುಗಳಿಗೆ ಕೂದಲಿನ ಹಾಗೆ ಅಂಟಿಕೊಳ್ಳುತ್ತದೆ. ಟ್ರೇಯ ಹೊರಗೆ ಸುತ್ತ ಕಪ್ಪು ಕಾಗದ ಅಂಟಿಸಿದ ಮೇಲೆ ಅದು ನಿಂತಿತು. ಬಟ್ಟೆ ಸುತ್ತಿದರೂ ಆಗುತ್ತದೆ. ಕಂಪನಿಯವರು ಇದೇ ಟ್ರೇಯನ್ನು ಗಾಢ ಬಣ್ಣದಲ್ಲಿ ಮಾಡಿದರೆ ನಾನು ಇನ್ನೊಂದು ಕೊಳ್ಳುತ್ತೇನೆ.

ಈಗ ಬೀಜ. ಪೊಟ್ಟಣದಲ್ಲಿ ಇದ್ದದ್ದು ನಿಜವಾದ ವಾಟರ್‌ಕ್ರೆಸ್ ಬೀಜವೇ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣ, ಕ್ರೆಸ್ ಅನ್ನುವ ಹೆಸರಲ್ಲಿ ಬೇರೆ ಗಿಡಗಳ ಬೀಜವೂ ಮಾರಾಟವಾಗುತ್ತದೆ. ಗಾರ್ಡನ್ ಕ್ರೆಸ್ ಅಂದರೆ ಆಳ್ವಿ. ಅದರ ಬೀಜ ಕೆಂಪು ಕಂದು, ಉದ್ದಕ್ಕಿರುತ್ತದೆ. ನೀರಿಗೆ ಹಾಕಿದರೆ ಲೋಳೆ ಲೋಳೆಯಾಗಿ ಉಬ್ಬುತ್ತದೆ. ವಾಟರ್‌ಕ್ರೆಸ್ ಬೀಜ ಅದಕ್ಕಿಂತ ತುಂಬಾ ಸಣ್ಣದು, ಅಂಗೈ ಮೇಲೆ ಹಾಕಿಕೊಂಡು ಜೋರಾಗಿ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಇನ್ನೊಂದು ಗೊಂದಲ ಇದೆ. ವಾಟರ್‌ಕ್ರೆಸ್‌ನ ವೈಜ್ಞಾನಿಕ ಹೆಸರು ನಾಸ್ಟರ್ಶಿಯಂ ಅಫಿಷಿನಾಲೆ. ಹೂದೋಟದಲ್ಲಿ ಕಿತ್ತಳೆ, ಹಳದಿ ಹೂ ಬಿಡುವ ನಾಸ್ಟರ್ಶಿಯಂ ಬಳ್ಳಿ ಬೇರೆಯದೇ ಗಿಡ. ಅದರ ಬೀಜ ಬಟಾಣಿ ಕಾಳಿನಷ್ಟು ದಪ್ಪ. ಹೆಸರು ನೋಡಿ ಅದನ್ನು ತರಿಸಿಕೊಂಡುಬಿಡಬೇಡಿ.

ಬೀಜ ಒಳ್ಳೆಯದು, ಆದರೆ ಅದನ್ನು ಹೇಗೆ ಬಿತ್ತಬೇಕು ಅಂತ ಕೈಪಿಡಿಯಲ್ಲಿ ಬರೆದಿರುವುದು ಸರಿಯಿಲ್ಲ. "ಬೀಜ ಹಾಕಿ ಅರ್ಧ ಇಂಚು ಕೊಕೊಪೀಟ್ ಮುಚ್ಚಿ" ಅಂತ ಇದೆ. ಅಷ್ಟು ಸಣ್ಣ ಬೀಜದ ಮೇಲೆ ಅರ್ಧ ಇಂಚು ಹಾಕಿದರೆ ಮೊಳಕೆ ಮೇಲಕ್ಕೆ ಬರುವಷ್ಟು ಶಕ್ತಿ ಅದರಲ್ಲಿ ಇರುವುದಿಲ್ಲ. ಈ ಬೀಜಕ್ಕೆ ಬೆಳಕೂ ಬೇಕು. ಒದ್ದೆ ಕೊಕೊಪೀಟ್ ಮೇಲೆ ಉದುರಿಸಿ ಬೆರಳಿನಿಂದ ಮೆತ್ತಗೆ ಒತ್ತಿದರೆ ಸಾಕು. ಸಮವಾಗಿ ಉದುರಿಸಲು ನಾನು ಒಂದು ಕಾಗದವನ್ನು ಮಧ್ಯಕ್ಕೆ ಮಡಿಸಿ, ಮಡಿಕೆಯಲ್ಲಿ ಬೀಜ ಹಾಕಿ, ಬೆರಳಿನಿಂದ ತಟ್ಟುತ್ತಾ ಹೋಗುತ್ತೇನೆ. ಒಣ ಮರಳಿನ ಜೊತೆ ಬೆರೆಸಿ ಹಾಕಿದರೂ ಆಗುತ್ತದೆ. ಆಮೇಲೆ ಮುಚ್ಚಳ ಮುಚ್ಚಿ, ಬೆಳಕು ಇರುವ ಕಡೆ ಇಡಬೇಕು, ನೇರ ಬಿಸಿಲು ಬೇಡ. 15ರಿಂದ 20 ಡಿಗ್ರಿ ಇದ್ದರೆ ಒಂದರಿಂದ ಎರಡು ವಾರದಲ್ಲಿ ಮೊಳಕೆ ಕಾಣುತ್ತದೆ. ಮೊದಲು ಬರುವುದು ಎರಡು ಪುಟ್ಟ ದುಂಡನೆಯ ಎಲೆ. ಅದು ಎಷ್ಟು ಸಣ್ಣದೆಂದರೆ ಪಾಚಿಯೇನೋ ಅಂತ ಒರೆಸಿಬಿಡಬೇಡಿ. ಸ್ಪ್ರೇ ಬಾಟಲಿ ಕೆಲಸಕ್ಕೆ ಬರುವುದು ಆಗಲೇ. ನೀರು ಸುರಿದರೆ ಎಲ್ಲ ಒಂದು ಮೂಲೆಗೆ ಕೊಚ್ಚಿಹೋಗುತ್ತದೆ.

ಕೈಪಿಡಿಯ ಬೇರೆ ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಒಂದು, "ಶುದ್ಧೀಕರಿಸಿದ ನೀರನ್ನೇ ಬಳಸಿ" ಅನ್ನುವುದು. ಸುಣ್ಣಕಲ್ಲಿನ ಒರತೆಯಲ್ಲಿ ಹುಲುಸಾಗಿ ಬೆಳೆಯುವ ಗಿಡ ಇದು. ಹೆಚ್ಚು ಆಮ್ಲವೂ ಅಲ್ಲದ, ಹೆಚ್ಚು ಕ್ಷಾರವೂ ಅಲ್ಲದ ನೀರು, ಅಂದರೆ ಪಿಎಚ್ 6.5ರಿಂದ 7.5, ಇದಕ್ಕೆ ಇಷ್ಟ. ಲವಣ ಎಲ್ಲ ತೆಗೆದ ಫಿಲ್ಟರ್ ನೀರಿನಿಂದ ಇದಕ್ಕೆ ಲಾಭವೇನೂ ಇಲ್ಲ. ಕುಡಿಯಲು ಯೋಗ್ಯವಾದ ಸಾದಾ ನಲ್ಲಿ ನೀರು, ಸ್ವಲ್ಪ ಗಡಸಾಗಿದ್ದರೂ, ನಡೆಯುತ್ತದೆ. ಇನ್ನೊಂದು, ಗೊಬ್ಬರದ ಕಾಳನ್ನು ಟ್ರೇಯ ನೀರಿಗೆ ಹಾಕಲು ಹೇಳುತ್ತಾರೆ. ಅರೆಪಾರದರ್ಶಕ ಟ್ರೇ, ಅದರಲ್ಲಿ ಗೊಬ್ಬರದ ನೀರು. ಪಾಚಿಗೆ ಇದಕ್ಕಿಂತ ಇನ್ನೇನು ಬೇಕು? ಅದೂ ಅಲ್ಲದೆ ನೀರು ಬದಲಿಸುವಾಗಲೆಲ್ಲ ಗೊಬ್ಬರವೂ ಹೊರಟುಹೋಗುತ್ತದೆ. ಕೊಕೊಪೀಟ್‌ನಲ್ಲಿ ಸ್ವಂತ ಸತ್ವ ಅಷ್ಟಾಗಿ ಇರುವುದಿಲ್ಲ, ಆದ್ದರಿಂದ ಗೊಬ್ಬರ ಬೇಕು, ನಿಜ. ಅದನ್ನು ಬಿತ್ತುವ ಮುಂಚೆಯೇ ಕೊಕೊಪೀಟ್‌ನ ಕೆಳಪದರದಲ್ಲಿ ಕಲಸಿಬಿಟ್ಟರೆ ಬೇರು ಇಳಿದಾಗ ನಿಧಾನಕ್ಕೆ ಸಿಗುತ್ತದೆ. ಕೆಳಗಿನ ಎಲೆ ಹಳದಿಯಾಗಿ ಬೆಳವಣಿಗೆ ನಿಂತಂತೆ ಕಂಡಾಗ ಸ್ವಲ್ಪ ಎರೆಗೊಬ್ಬರ ಮೇಲೆ ಉದುರಿಸುತ್ತೇನೆ.

ಬೆಳಕಿನ ವಿಷಯದಲ್ಲಿ ಕೈಪಿಡಿ ಪರವಾಗಿಲ್ಲ. ಬೆಳಗಿನ ಎಳೆ ಬಿಸಿಲು ನಾಲ್ಕೈದು ಗಂಟೆ, ಮಧ್ಯಾಹ್ನ ನೆರಳು. ಇದು ತಂಪನ್ನು ಇಷ್ಟಪಡುವ ಗಿಡ. ಸೆಖೆ ಜಾಸ್ತಿಯಾದರೆ ಎತ್ತರಕ್ಕೆ ಎದ್ದು ಹೂ ಬಿಡುತ್ತದೆ. ನಾಲ್ಕು ಎಸಳಿನ ಪುಟ್ಟ ಬಿಳಿ ಹೂ, ನೋಡಲು ಚೆಂದ. ಆದರೆ ಹೂ ಬಂದ ಮೇಲೆ ಎಲೆ ಕಹಿಯಾಗುತ್ತದೆ. ಮೊಗ್ಗು ಕಂಡ ಕೂಡಲೇ ತುದಿ ಚಿವುಟಬೇಕು. ಚಳಿಗೆ ಎಲೆಯ ಮೇಲೆ ಕಂದು ನೇರಳೆ ಛಾಯೆ ಬರುತ್ತದೆ. ಅದು ರೋಗವಲ್ಲ, ರುಚಿಗೇನೂ ತೊಂದರೆಯಿಲ್ಲ.

ಕೊಯ್ಲು ದಂಟು ಗೇಣಿಗೆ ಸ್ವಲ್ಪ ಕಡಿಮೆ ಬೆಳೆದಾಗ. ಬುಡದಲ್ಲಿ ಎರಡು ಮೂರು ಗಿಣ್ಣು ಬಿಟ್ಟು ಕತ್ತರಿಯಿಂದ ಕೊಯ್ದರೆ ಆ ಗಿಣ್ಣುಗಳಿಂದ ಮತ್ತೆ ಕವಲು ಒಡೆಯುತ್ತದೆ. ಒಂದಿದ್ದ ಕಡೆ ಎರಡು ದಂಟು. ಹಾಗಾಗಿ ಮೊದಲ ಕೊಯ್ಲಿಗಿಂತ ಮುಂದಿನವು ತುಂಬಿಕೊಂಡು ಬರುತ್ತವೆ. ಕೈಯಿಂದ ಕಿತ್ತರೆ ಕೊಕೊಪೀಟ್ ಸಮೇತ ಬೇರು ಎದ್ದುಬರುತ್ತದೆ, ಕಿಟ್‌ನಲ್ಲಿ ಒಂದು ಸಣ್ಣ ಕತ್ತರಿ ಇಟ್ಟಿದ್ದರೆ ಒಳ್ಳೆಯದಿತ್ತು.

ಈ ಗಿಡದ ನನಗೆ ತುಂಬಾ ಹಿಡಿಸಿದ ಗುಣ ಅಂದರೆ ಒಮ್ಮೆ ಬಂದರೆ ಮತ್ತೆ ಬೀಜದ ಹಂಗಿಲ್ಲ. ಒಂದು ದಂಟನ್ನು ಹತ್ತಿರದಿಂದ ನೋಡಿ. ಎಲೆ ಕಾಂಡಕ್ಕೆ ಸೇರುವ ಜಾಗದಲ್ಲಿ ದಾರದ ತುದಿಯಂಥ ಬಿಳಿ ಬೇರು ಆಗಲೇ ಹೊರಗೆ ಬಂದಿರುತ್ತದೆ. ಅದನ್ನು ಗಿಣ್ಣಿನ ಕೆಳಗೆ ಕತ್ತರಿಸಿ ಒಂದು ಲೋಟ ನೀರಲ್ಲಿ ನಿಲ್ಲಿಸಿದರೆ ವಾರದೊಳಗೆ ಬೇರಿನ ಗೊಂಚಲು ಇಳಿಯುತ್ತದೆ. ಹೊಸ ಕುಂಡಕ್ಕೆ ಅದೇ ಸಸಿ. ಅಂಗಡಿಯಲ್ಲಿ ತಾಜಾ ವಾಟರ್‌ಕ್ರೆಸ್ ಕಟ್ಟು ಸಿಕ್ಕಿದರೆ ಅದರ ಗಟ್ಟಿ ದಂಟುಗಳಿಂದಲೂ ಹೀಗೇ ಮಾಡಬಹುದು. ಕೈಪಿಡಿಯಲ್ಲಿ ಈ ವಿಷಯ ಒಂದು ಸಾಲೂ ಇಲ್ಲ. ಬದಲಿಗೆ "ಹೊಸ ಬೀಜದ ಪ್ಯಾಕ್ ಆರ್ಡರ್ ಮಾಡಿ" ಅಂತ ಕೊನೇ ಪುಟ ಪೂರ್ತಿ ಇದೆ. ಇದು ನನಗೆ ಸರಿ ಕಾಣಲಿಲ್ಲ. ಗಿಡ ಬೆಳೆಸಲು ಹೊಸದಾಗಿ ಬರುವವರಿಗೆ ಇದನ್ನು ಹೇಳಿಕೊಡಬೇಕಿತ್ತು.

ಕೀಟದ ಕಾಟ ಮನೆಯೊಳಗೆ ಕಡಿಮೆ, ಆದರೂ ಗಿಡಹೇನು ಬರುತ್ತದೆ. ಎಳೆ ತುದಿಯ ಕೆಳಗೆ ಗುಂಪಾಗಿ ಕೂರುತ್ತವೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಔಷಧಿ ಹೊಡೆಯುವ ಮಾತೇ ಇಲ್ಲ. ಒಳಕುಂಡ ಎತ್ತಿ, ಎಲೆಭಾಗವನ್ನು ಬಕೆಟ್ ನೀರಲ್ಲಿ ಮುಳುಗಿಸಿ ಅಲ್ಲಾಡಿಸಿದರೆ ಬಹುಪಾಲು ಉದುರುತ್ತವೆ. ಕುಂಡ ಬೇರೆ, ಟ್ರೇ ಬೇರೆ ಇರುವುದರ ಲಾಭ ಇಲ್ಲೂ ಇದೆ.

ರುಚಿ ಹೇಗೆ? ಮೊದಲ ಎಲೆ ಬಾಯಿಗೆ ಹಾಕಿಕೊಂಡ ನನ್ನ ಮಗಳು, "ಅಮ್ಮಾ, ಏನೂ ಖಾರ ಇಲ್ವಲ್ಲಾ" ಅಂದಳು. ಎರಡು ಸಲ ಅಗಿದ ಮೇಲೆ ಕಣ್ಣರಳಿಸಿ ಮೂಗು ಹಿಡಿದುಕೊಂಡಳು. ಅದು ಹಾಗೆಯೇ. ಎಲೆ ಸುಮ್ನೆ ಇರುವಾಗ ಖಾರ ಇರುವುದಿಲ್ಲ. ಅದರ ಜೀವಕೋಶಗಳಲ್ಲಿ ಗ್ಲೂಕೋನಾಸ್ಟರ್ಶಿಯಿನ್ ಅನ್ನುವ ಪದಾರ್ಥ ಒಂದು ಕಡೆ, ಮೈರೋಸಿನೇಸ್ ಅನ್ನುವ ಕಿಣ್ವ ಇನ್ನೊಂದು ಕಡೆ ಇರುತ್ತದೆ. ಅಗಿದಾಗ, ಕತ್ತರಿಸಿದಾಗ ಕೋಶ ಒಡೆದು ಎರಡೂ ಸೇರುತ್ತವೆ. ಆಗ ಹುಟ್ಟುವುದೇ ಆ ಘಾಟು. ಸಾಸಿವೆ ಅರೆದಾಗ ಮೂಗಿಗೆ ಏರುವುದೂ ಇದೇ ತರದ ಕ್ರಿಯೆಯಿಂದ. ಬೇಯಿಸಿದರೆ ಕಿಣ್ವ ಕೆಲಸ ಮಾಡುವುದಿಲ್ಲ, ಖಾರವೂ ಬರುವುದಿಲ್ಲ. ಆದ್ದರಿಂದ ಸಲಾಡ್‌ಗೆ ಹಸಿಯಾಗಿ ಹಾಕಿ, ಸೂಪ್‌ಗಾದರೆ ಒಲೆ ಆರಿಸಿದ ಮೇಲೆ ಹೆಚ್ಚಿ ಹಾಕಿ. ಕೊಯ್ದ ತಕ್ಷಣ ತಿಂದ ಎಲೆಗೂ, ಫ್ರಿಜ್‌ನಲ್ಲಿ ಕೆಲವು ದಿನ ಇಟ್ಟು ಬಾಡಿದ ಎಲೆಗೂ ಹೋಲಿಕೆಯೇ ಇಲ್ಲ. ಮನೆಯಲ್ಲಿ ಬೆಳೆಸುವುದಕ್ಕೆ ನನಗೆ ಈ ಒಂದು ಕಾರಣವೇ ಸಾಕು.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ "ಜಗತ್ತಿನ ನಂಬರ್ 1 ಸೊಪ್ಪು" ಅಂತ ಇದೆ. ಇದು ಪೂರ್ತಿ ಬುರುಡೆ ಅಲ್ಲ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಹಣ್ಣು ತರಕಾರಿಗಳನ್ನು ಪೋಷಕಾಂಶದ ಮೇಲೆ ಸಾಲಾಗಿ ನಿಲ್ಲಿಸಿದ್ದರು. ಅದರಲ್ಲಿ ವಾಟರ್‌ಕ್ರೆಸ್‌ಗೆ ನೂರಕ್ಕೆ ನೂರು, ಪಾಲಕ್‌ಗೆ 86. ಆದರೆ ಅಳತೆ ನೂರು ಕ್ಯಾಲರಿಗೆ ಎಷ್ಟು ಪೋಷಕಾಂಶ ಅನ್ನುವ ಲೆಕ್ಕದಲ್ಲಿ. ಈ ಸೊಪ್ಪಿನಲ್ಲಿ ಶೇಕಡಾ 95 ನೀರು, 100 ಗ್ರಾಂನಲ್ಲಿ ಬರೀ 11 ಕ್ಯಾಲರಿ. ನೂರು ಕ್ಯಾಲರಿ ಬೇಕು ಅಂದರೆ 900 ಗ್ರಾಂ ತಿನ್ನಬೇಕು. ಈ ಕುಂಡದಿಂದ ಒಂದು ಸಲಕ್ಕೆ ಸಿಗುವುದು ಒಂದೆರಡು ಹಿಡಿ. ಒಳ್ಳೆಯ ಸೊಪ್ಪು, ಸಂಶಯವಿಲ್ಲ. 100 ಗ್ರಾಂನಲ್ಲಿ 43 ಮಿಲಿಗ್ರಾಂ ವಿಟಮಿನ್ ಸಿ ಇದೆ. ವಿಟಮಿನ್ ಕೆ ಸುಮಾರು 250 ಮೈಕ್ರೋಗ್ರಾಂ, ಅದು ಬಹಳ ಜಾಸ್ತಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ದಿನಾ ತಿನ್ನಲು ಶುರು ಮಾಡುವ ಮುಂಚೆ ವೈದ್ಯರನ್ನು ಕೇಳಲೇಬೇಕು. ವಿಟಮಿನ್ ಕೆ ಆ ಮಾತ್ರೆಯ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ನಂಬರ್ 1 ಅಂತ ಬರೆಯಲು ಜಾಗ ಇದ್ದ ಪೆಟ್ಟಿಗೆಯ ಮೇಲೆ ಈ ಒಂದು ಸಾಲಿಗೂ ಜಾಗ ಇರಬೇಕಿತ್ತು.

ಸುರಕ್ಷತೆಯ ಬಗ್ಗೆ ಇನ್ನೊಂದು ಮಾತು. ಕುರಿ, ದನ ಮೇಯುವ ಜಾಗದ ತೊರೆಯಲ್ಲಿ ತಾನಾಗಿ ಬೆಳೆದ ವಾಟರ್‌ಕ್ರೆಸ್ ಅನ್ನು ಹಸಿಯಾಗಿ ತಿನ್ನಬಾರದು. ಯಕೃತ್ತಿಗೆ ಹತ್ತುವ ಚಪ್ಪಟೆ ಹುಳು, ಫ್ಯಾಸಿಯೋಲಾ ಹೆಪಾಟಿಕಾ, ನೀರಿನ ಬಸವನಹುಳುವಿನಲ್ಲಿ ಬೆಳೆದು ಆಮೇಲೆ ಇಂಥ ಎಲೆಗಳ ಮೇಲೆ ಕೂತಿರುತ್ತದೆ. ತೊಳೆದರೆ ಹೋಗುತ್ತದೆ ಅಂತ ನಂಬುವ ಹಾಗಿಲ್ಲ, ಬೇಯಿಸಿದರೆ ಸಾಯುತ್ತದೆ. ನಲ್ಲಿ ನೀರಲ್ಲಿ, ಮನೆಯೊಳಗೆ, ಬೀಜದಿಂದ ಬೆಳೆಸಿದ ಸೊಪ್ಪಿಗೆ ಈ ಭಯ ಇಲ್ಲ. ಹಾಗೇ ಗಿಡ ಜಾಸ್ತಿಯಾಯಿತು ಅಂತ ಹತ್ತಿರದ ಕೆರೆಗೋ ತೊರೆಗೋ ಬಿಸಾಡಬೇಡಿ. ನ್ಯೂಜಿಲೆಂಡ್‌ನಂಥ ಕಡೆ ಹೊರಗಿಂದ ಬಂದ ಈ ಗಿಡ ತೊರೆಗಳನ್ನೇ ಕಟ್ಟಿಹಾಕಿದ್ದು ಉಂಟು.

ಯಾರು ಕೊಳ್ಳಬಹುದು? ಎರಡು ಮೂರು ದಿನಕ್ಕೊಮ್ಮೆ ಐದು ನಿಮಿಷ ಕೊಡಬಲ್ಲವರು ಧೈರ್ಯವಾಗಿ ಕೊಳ್ಳಿ. ವಾರಗಟ್ಟಲೆ ಮನೆ ಬೀಗ ಹಾಕಿ ಹೋಗುವವರಿಗೆ ಇದು ಬೇಡ, ಬೇರೆ ಯಾವುದಾದರೂ ಸೊಪ್ಪು ಹಾಕಿಕೊಳ್ಳಿ. ಮನೆಯಲ್ಲಿ ಆಗಲೇ ಅಗಲವಾದ ತಟ್ಟೆ, ತೂತಿನ ಕುಂಡ ಇದ್ದು, ಎತ್ತಿ ಚೆಲ್ಲಲು ಬೇಜಾರಿಲ್ಲದವರು ಬರೀ ಬೀಜ ತರಿಸಿದರೂ ನಡೆಯುತ್ತದೆ. ಸೊಂಟ ನೋವಿನವರಿಗೆ, ವಯಸ್ಸಾದವರಿಗೆ ಆ ಮೂತಿ, ಆ ಇಳಿಜಾರು ನಿಜಕ್ಕೂ ಉಪಕಾರ. ಕೈಪಿಡಿಯ ತಪ್ಪುಗಳನ್ನೆಲ್ಲ ಬರೆದು ಕಂಪನಿಗೆ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಕೊಳ್ಳುವವರು ಪೆಟ್ಟಿಗೆ ಬಂದ ದಿನವೇ ಟ್ರೇಗೆ ನೀರು ತುಂಬಿ ಬಿರಡೆ ಸೋರುತ್ತದಾ ಅಂತ ಒಂದು ರಾತ್ರಿ ಇಟ್ಟು ನೋಡಿ. ಸೋರಿದರೆ ಗಿಡ ಹಾಕುವ ಮುಂಚೆಯೇ ವಾಪಸ್ ಕಳಿಸಬಹುದು.